ನಿಮಗಿದು ಗೊತ್ತೇ? ಬಳ್ಳಾರಿಯ ಕಮಲಾ ಕುಮಾರಿ ಕನ್ನಡದ ಜಯಂತಿ ಆದದ್ದು

ಬಳ್ಳಾರಿ ಎಂದೊಡನೆ ಹೊರಗಿನವರಿಗೆ ಕೋಟೆ ಗುಡ್ಡ ನೆನಪಾಗುತ್ತದೆ, ಗಣಿ ನೆನಪಾಗುತ್ತದೆ, ಬಿಸಿಲಂತೂ ನೆನಪಾಗಿಯೇ ಆಗುತ್ತದೆ. ಕನ್ನಡ ಸಿನಿಮಾ ಕಂಡ ಅತ್ಯಂತ ಧೈರ್ಯದ ನಾಯಕಿ ಹುಟ್ಟಿದ್ದು ಇದೇ ಊರಿನಲ್ಲಿ ಎಂಬುದು ಮಾತ್ರ ಊರಿನವರಲ್ಲೇ ಎಷ್ಟೋ ಮಂದಿಗೆ ತಿಳಿಯದು. "ಹೌದಾ? ಜಯಂತಿ ಅಮ್ಮ ನಮ್ಮೂರವರಾ?" ಎಂದು ಹುಬ್ಬೇರಿಸುವವರಿಗಾಗಿಯೇ ಈ ಸಲದ ಅಂಕಣ ಪೂರ್ತಿ ಮೀಸಲು.

● ಜಯಂತಿ ಅವರ ಹುಟ್ಟುಹೆಸರು ಕಮಲಾ ಕುಮಾರಿ. ಹುಟ್ಟಿದ್ದು 1945ರ ಜನವರಿ 6ರಂದು, ಬಳ್ಳಾರಿಯಲ್ಲಿ. ತಂದೆ ಬಾಲಸುಬ್ರಹ್ಮಣ್ಯಂ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ತಾಯಿ ಸಂತಾನಲಕ್ಷ್ಮಿ. ಮೂವರು ಮಕ್ಕಳಲ್ಲಿ ಇವರೇ ಹಿರಿಯರು, ಬೆನ್ನಿಗೆ ಇಬ್ಬರು ತಮ್ಮಂದಿರು. ಅಪ್ಪ-ಅಮ್ಮ ಬೇರೆಯಾದಾಗ ಹುಡುಗಿ ಇನ್ನೂ ಚಿಕ್ಕವಳು. ಮಗಳನ್ನು ಕರೆದುಕೊಂಡು ತಾಯಿ ಮದ್ರಾಸಿಗೆ ಹೋದರು.

● ಜಯಂತಿ ಹುಟ್ಟಿದಾಗ ಬಳ್ಳಾರಿ ಮೈಸೂರು ರಾಜ್ಯದಲ್ಲಿ ಇರಲೇ ಇಲ್ಲ. ಅದು ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು ಮೊದಲಾದವು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹಾಗಾಗಿ ಅಂದಿನ ಬಳ್ಳಾರಿಯವರಿಗೆ ಮದ್ರಾಸು ಪರ ಊರಲ್ಲ, ಸ್ವಂತ ರಾಜಧಾನಿ. ಕೋರ್ಟು, ಕಾಲೇಜು, ಸಿನಿಮಾ ಎಲ್ಲಕ್ಕೂ ಮುಖ ಆ ಕಡೆಗೇ. ಕನ್ನಡ ಚಿತ್ರಗಳೂ ಬಹುಪಾಲು ತಯಾರಾಗುತ್ತಿದ್ದುದು ಮದ್ರಾಸಿನ ಸ್ಟುಡಿಯೋಗಳಲ್ಲೇ.

● ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಆ ಕಾಲದಲ್ಲೇ ಗಟ್ಟಿದನಿಯಲ್ಲಿ ಹೇಳಿದವರೊಬ್ಬರು ಬಳ್ಳಾರಿಯ ವಕೀಲರು! ಬಳ್ಳಾರಿ ರಾಘವ (1880–1946) ಕೋರ್ಟಿನಲ್ಲಿ ವಾದಿಸಿ ರಂಗದ ಮೇಲೆ ಒಥೆಲೊ, ಶೈಲಾಕ್ ಆಗುತ್ತಿದ್ದವರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದವರು. ಗಂಡಸರು ಸೀರೆ ಉಟ್ಟು ಸ್ತ್ರೀಪಾತ್ರ ಕಟ್ಟುವುದೇ ರೂಢಿಯಾಗಿದ್ದಾಗ ಅವರು ಮಹಿಳೆಯರನ್ನು ರಂಗಕ್ಕೆ ಕರೆತಂದರು, ಅವರೊಂದಿಗೆ ಅಭಿನಯಿಸಿದರು. ಅವರಿಗೂ ಮೊದಲೇ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಬಳ್ಳಾರಿಯಲ್ಲಿ ಬೇರೂರಿದ್ದವು. ರಾಘವರು ತೀರಿಕೊಂಡದ್ದು 1946ರ ಏಪ್ರಿಲ್‌ನಲ್ಲಿ. ಆಗ ಕಮಲಾ ಕುಮಾರಿಗೆ ಒಂದು ವರ್ಷ ತುಂಬಿತ್ತಷ್ಟೆ. ಇಬ್ಬರ ನಡುವೆ ನಂಟು ಹುಡುಕಬೇಕಿಲ್ಲ. ಆದರೆ ನಟಿಯರಿಗಾಗಿ ವಾದಿಸಿದ ಊರಿನಲ್ಲೇ ಇಂಥ ನಟಿ ಹುಟ್ಟಿದರು ಎಂಬುದು ಬಳ್ಳಾರಿಯವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿ.

● ಮಗಳು ಶಾಸ್ತ್ರೀಯ ನರ್ತಕಿ ಆಗಲಿ ಎಂಬುದು ತಾಯಿಯ ಆಸೆ. ಅದಕ್ಕೇ ಮದ್ರಾಸಿನಲ್ಲಿ ನೃತ್ಯಶಾಲೆಗೆ ಸೇರಿಸಿದರು. ಹುಡುಗಿ ಸ್ವಲ್ಪ ದಪ್ಪಗಿದ್ದಳು. ಜೊತೆಯವರು ಆಡಿಕೊಂಡು ನಗುತ್ತಿದ್ದರಂತೆ. ನೃತ್ಯದ ತಾಲೀಮಿನಲ್ಲಿ ಆಕೆಯನ್ನು ಕಂಡು ನಾಯಕಿಯಾಗಿ ಆರಿಸಿದವರು ನಿರ್ದೇಶಕ ವೈ.ಆರ್. ಸ್ವಾಮಿ. ಚಿತ್ರ 'ಜೇನು ಗೂಡು', ವರ್ಷ 1963. ಕಮಲಾ ಕುಮಾರಿ ಜಯಂತಿಯಾಗಿ ಕನ್ನಡಿಗರ ಎದುರು ನಿಂತದ್ದು ಈ ಚಿತ್ರದಿಂದ.

● ಅದಕ್ಕೂ ಮೊದಲು, 1961ರಲ್ಲಿ, ತೆಲುಗಿನ 'ಜಗದೇಕ ವೀರುನಿ ಕಥ'ದಲ್ಲಿ ಸಣ್ಣ ಪಾತ್ರವೊಂದು ಸಿಕ್ಕಿತ್ತು. ಕೆ.ವಿ. ರೆಡ್ಡಿ ನಿರ್ದೇಶನ, ಎನ್.ಟಿ. ರಾಮರಾವ್ ನಾಯಕ. ನಾಯಕಿ ನಮ್ಮವರೇ ಆದ ಬಿ. ಸರೋಜಾದೇವಿ. ತಮಾಷೆಯೆಂದರೆ ಆ ಚಿತ್ರದಲ್ಲಿ ಸರೋಜಾದೇವಿಯವರ ಪಾತ್ರದ ಹೆಸರೇ ಜಯಂತಿ! ಮುಂದೆ 2017ರಲ್ಲಿ ಅದೇ ಸರೋಜಾದೇವಿಯವರ ಹೆಸರಿನ ರಾಷ್ಟ್ರೀಯ ಪ್ರಶಸ್ತಿ ಜಯಂತಿಯವರಿಗೆ ಸಂದಿತು.

● ಎನ್‌ಟಿಆರ್ ಎಂದರೆ ಹುಡುಗಿಗೆ ಪ್ರಾಣ. ನೋಡಲೆಂದು ಸ್ಟುಡಿಯೋಕ್ಕೆ ಹೋದಾಗ ಅವರು ಪಕ್ಕಕ್ಕೆ ಕರೆದು "ನನ್ನ ಹೀರೋಯಿನ್ ಆಗ್ತೀಯಾ?" ಎಂದು ಮುದ್ದಿನಿಂದ ಕೇಳಿದ್ದರಂತೆ ಎಂಬ ಕತೆ ಚಿತ್ರರಂಗದಲ್ಲಿ ಪ್ರಚಾರದಲ್ಲಿದೆ. ಮಾತು ನಿಜವಾಯಿತು. 1972ರ 'ಕುಲಗೌರವಂ', 1981ರ 'ಕೊಂಡವೀಟಿ ಸಿಂಹಂ' ಎರಡರಲ್ಲೂ ಎನ್‌ಟಿಆರ್ ಎದುರು ಜಯಂತಿ ಇದ್ದಾರೆ. ತೆಲುಗು ಚಿತ್ರಗಳಿಗೆ ಮುಗಿಬೀಳುವ ಬಳ್ಳಾರಿಯ ಪ್ರೇಕ್ಷಕರು ಈ ಎರಡನ್ನೂ ನೋಡಿದ್ದಾರೆ. ಪರದೆಯ ಮೇಲಿರುವವರು ತಮ್ಮೂರಿನ ಮಗಳು ಎಂದು ಎಷ್ಟು ಜನಕ್ಕೆ ಗೊತ್ತಿತ್ತೋ!

● 'ಕುಲಗೌರವಂ' ವಿಷಯ ಬಂತಲ್ಲ, ಇನ್ನೊಂದನ್ನೂ ಕೇಳಿ. ಅದರ ಮೂಲ 1971ರ ಕನ್ನಡದ 'ಕುಲಗೌರವ'. ಡಾ. ರಾಜ್‌ಕುಮಾರ್ ತ್ರಿಪಾತ್ರದಲ್ಲಿ ನಟಿಸಿದ ಚಿತ್ರ, ನಿರ್ದೇಶನ ಪೇಕೇಟಿ ಶಿವರಾಂ. ಅವರೇ ತೆಲುಗಿನಲ್ಲೂ ನಿರ್ದೇಶಿಸಿದಾಗ ಎನ್‌ಟಿಆರ್ ಮೂರು ಪಾತ್ರಗಳನ್ನು ಮಾಡಿದರು. ಎರಡು ಭಾಷೆಯ ಇಬ್ಬರು ಮೇರುನಟರ ತ್ರಿಪಾತ್ರ ಚಿತ್ರಗಳೆರಡರಲ್ಲೂ ನಟಿಸಿದ ನಾಯಕಿ ಜಯಂತಿ.

● ಎರಡನೇ ವರ್ಷಕ್ಕೇ ರಾಷ್ಟ್ರಪತಿಗಳ ರಜತ ಪದಕದ ಚಿತ್ರ! 1964ರ 'ಚಂದವಳ್ಳಿಯ ತೋಟ' ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವ ಪಡೆಯಿತು. ನಿರ್ದೇಶಕ ಟಿ.ವಿ. ಸಿಂಗ್ ಠಾಕೂರ್, ನಾಯಕ ರಾಜ್‌ಕುಮಾರ್, ಕತೆ ತ.ರಾ.ಸು. ಅವರದು. ರಾಜ್–ಜಯಂತಿ ಜೋಡಿ ಇಲ್ಲಿಂದ ಬೆಳೆಯಿತು.

● ತ.ರಾ.ಸು. ಹೆಸರು ಬಂದ ಮೇಲೆ ಇಲ್ಲಿ ತುಸು ನಿಲ್ಲಲೇಬೇಕು. ಚಿತ್ರದುರ್ಗದ ಕಲ್ಲುಬಂಡೆಗಳಿಗೆ ಮಾತು ಕೊಟ್ಟ ಈ ಕಾದಂಬರಿಕಾರರ ಕತೆಗಳು ಜಯಂತಿಯವರ ವೃತ್ತಿಜೀವನವನ್ನು ಮೂರು ಹಂತಗಳಲ್ಲಿ ಹಿಡಿದಿವೆ. 1964ರಲ್ಲಿ 'ಚಂದವಳ್ಳಿಯ ತೋಟ', 1972ರಲ್ಲಿ 'ನಾಗರಹಾವು', 1985ರಲ್ಲಿ 'ಮಸಣದ ಹೂವು'. ಹಳ್ಳಿಮನೆಯ ಕತೆಯಿಂದ ಕೋಟೆಯ ವೀರಗಾಥೆಗೆ, ಅಲ್ಲಿಂದ ವೇಶ್ಯಾಗೃಹಕ್ಕೆ. ಒಬ್ಬ ಲೇಖಕನ ಲೋಕದಲ್ಲಿ ಇಷ್ಟು ದೂರ ನಡೆದ ನಟಿ ಕನ್ನಡದಲ್ಲಿ ಇನ್ನೊಬ್ಬರು ಸಿಗುವುದು ಕಷ್ಟ.

● ಒನಕೆ ಓಬವ್ವ ಎಂದೊಡನೆ ನಿಮ್ಮ ಕಣ್ಣಿಗೆ ಕಟ್ಟುವ ಮುಖ ಯಾರದು? ಬಹುತೇಕ ಕನ್ನಡಿಗರಿಗೆ ಅದು ಜಯಂತಿಯವರ ಮುಖ. ವಿಚಿತ್ರವೆಂದರೆ 'ನಾಗರಹಾವು' ಚಿತ್ರದಲ್ಲಿ ಅವರು ಬರುವುದು ಅದೊಂದು ಹಾಡಿನಲ್ಲಿ ಮಾತ್ರ. ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ, ಪಿ.ಬಿ. ಶ್ರೀನಿವಾಸ್ ಕಂಠ. ಚಿತ್ರದ ನಾಯಕ ವಿಷ್ಣುವರ್ಧನ್, ಹೊಸಮುಖ ಅಂಬರೀಷ್. ಇಬ್ಬರ ಬದುಕೂ ಅಲ್ಲಿಂದಲೇ ತಿರುವು ಪಡೆಯಿತು. ಆದರೂ ಕೆಲವೇ ನಿಮಿಷ ಬಂದು ಹೋದ ಓಬವ್ವ ಜನರ ಮನಸ್ಸಿನಿಂದ ಅಳಿಯಲಿಲ್ಲ.

ಆ ದೃಶ್ಯವನ್ನು ಇನ್ನೊಮ್ಮೆ ಗಮನಿಟ್ಟು ನೋಡಿ. ಗಂಡ ಊಟಕ್ಕೆ ಕೂತಿದ್ದಾನೆ, ಹೆಂಡತಿ ನೀರು ತರಲು ಹೊರಟಿದ್ದಾಳೆ. ಅಷ್ಟೇ, ಯಾವ ಮನೆಯಲ್ಲಾದರೂ ನಡೆಯುವಂಥದ್ದು. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಣ್ಣಿಗೆ ಬೀಳುತ್ತದೆ. ಊಟಕ್ಕೆ ಕೂತವನನ್ನು ಎಬ್ಬಿಸದೆ ಅವಳು ಒನಕೆಗೆ ಕೈಹಾಕುತ್ತಾಳೆ. ಜಯಂತಿ ಇಲ್ಲಿ ರಾಣಿಯ ಠೀವಿ ತರಲಿಲ್ಲ. ಭತ್ತ ಕುಟ್ಟಿ ಗೊತ್ತಿರುವ ಹೆಣ್ಣಿನ ತೋಳು, ಬಿಗಿದು ಕಟ್ಟಿದ ಸೀರೆ, ಕಣ್ಣಲ್ಲಿ ಮಾತ್ರ ಬೆಂಕಿ. ಚಿತ್ರದುರ್ಗದ ಕೋಟೆಗೆ ಹೋದವರು ಇವತ್ತಿಗೂ ಓಬವ್ವನ ಕಿಂಡಿಯ ಮುಂದೆ ನಿಂತು ಆ ಹಾಡನ್ನೇ ಗುನುಗುತ್ತಾರೆ. ಇತಿಹಾಸದ ಹೆಣ್ಣೊಬ್ಬಳಿಗೆ ಇಡೀ ನಾಡಿನ ಕಣ್ಣಲ್ಲಿ ರೂಪ ಕೊಡುವುದು ಎಲ್ಲ ನಟಿಯರಿಗೂ ದಕ್ಕುವ ಭಾಗ್ಯವಲ್ಲ.

● ಈಗ 1965ಕ್ಕೆ ಹೋಗೋಣ. ಕನ್ನಡ ತೆರೆಯ ನಾಯಕಿ ಎಂದರೆ ತಲೆಬಾಗಿದ, ಸೆರಗು ಹೊದ್ದ ಸೊಸೆ. ಅಂಥ ಹೊತ್ತಿನಲ್ಲಿ ಎಂ.ಆರ್. ವಿಠಲ್ ನಿರ್ದೇಶನದ 'ಮಿಸ್ ಲೀಲಾವತಿ' ಬಂತು. ಮದುವೆ, ಸಂಸಾರಗಳ ಬಗ್ಗೆ ತನ್ನದೇ ನಿಲುವುಳ್ಳ, ತನಗೆ ಬೇಕಾದಂತೆ ಬದುಕುವ ಹುಡುಗಿಯ ಕತೆ. ಸ್ಕರ್ಟು, ನೈಟಿ, ಈಜುಡುಗೆಗಳಲ್ಲಿ ಕಾಣಿಸಿಕೊಂಡ ಮೊದಲ ಕನ್ನಡ ನಾಯಕಿ ಎಂದು ಚಿತ್ರರಂಗ ಜಯಂತಿಯವರನ್ನು ಗುರುತಿಸುವುದು ಈ ಚಿತ್ರದಿಂದ. ಆಗ ಅವರಿಗೆ ಇಪ್ಪತ್ತು ವರ್ಷ.

ಬಟ್ಟೆಯ ಮಾತೇ ದೊಡ್ಡದಾಗಿ ಉಳಿದು ಅಭಿನಯದ ಮಾತು ಹಿಂದೆ ಸರಿದದ್ದು ನನಗೆ ಬೇಸರದ ಸಂಗತಿ. ಲೀಲಾವತಿಯ ಹಟ, ಒಳಗಿನ ಒಂಟಿತನ ಎರಡನ್ನೂ ಒಂದೇ ಮುಖದಲ್ಲಿ ತೋರಿಸಬೇಕಾದ ಪಾತ್ರವದು. ಮುಂದೆ ಬಂದ ದಿಟ್ಟ ಪಾತ್ರಗಳಿಗೆಲ್ಲ ಬೀಜ ಬಿದ್ದದ್ದು ಇಲ್ಲೇ.

● ಕುವೆಂಪು ಅವರ ದೋಣಿಯ ಕವಿತೆಯನ್ನು ಮನೆಮನೆಯ ಹಾಡಾಗಿಸಿದ್ದೂ ಇದೇ 'ಮಿಸ್ ಲೀಲಾವತಿ'. ಆರ್. ಸುದರ್ಶನಂ ರಾಗ ಹಾಕಿದರು; ರಾಮಚಂದ್ರ ರಾವ್, ಎಸ್. ಜಾನಕಿ ಹಾಡಿದರು. ಪಾಠದ ಪದ್ಯವೆಂದುಕೊಂಡು ಹಾಡುವ ಮಕ್ಕಳಿಗೆ ಅದು ಸಿನಿಮಾದಲ್ಲೂ ಇದೆ ಎಂದರೆ ಆಶ್ಚರ್ಯ!

● ರಾಜ್‌ಕುಮಾರ್ ಜೊತೆ ಎಷ್ಟು ಚಿತ್ರ? ಮೂವತ್ತನ್ನೂ ಮೀರಿವೆ. 'ಬೆಟ್ಟದ ಹುಲಿ', 'ಕಿಲಾಡಿ ರಂಗ', 'ಇಮ್ಮಡಿ ಪುಲಿಕೇಶಿ', 'ಚೂರಿ ಚಿಕ್ಕಣ್ಣ', 'ಬಾಳು ಬೆಳಗಿತು', 'ಬಹದ್ದೂರ್ ಗಂಡು'... ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಯಾವುದನ್ನೂ ಬಿಟ್ಟಿಲ್ಲ.

● ಕನ್ನಡದ ಮೊದಲ ಬಾಂಡ್ ಮಾದರಿಯ ಗೂಢಚಾರಿ ಚಿತ್ರದ ನಾಯಕಿಯೂ ಜಯಂತಿಯೇ. ದೊರೈ–ಭಗವಾನ್ ಅವರ 'ಜೇಡರ ಬಲೆ', 1968.

● ಸಿರುಗುಪ್ಪ ಸೀಮೆಯವರಿಗೆ ಮಂತ್ರಾಲಯ ಎಂದರೆ ಮಗ್ಗುಲಿನ ಕ್ಷೇತ್ರ, ತುಂಗಭದ್ರೆಯ ಹರಿವಿನ ಗುಂಟ ಹೋದರೆ ಸಿಗುವಂಥದ್ದು. ಮಂತ್ರಾಲಯವಿರುವ ಆದೋನಿ ಸೀಮೆ 1953ರವರೆಗೆ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಅಂದರೆ ಜಯಂತಿ ಹುಟ್ಟಿದ ಜಿಲ್ಲೆಯೂ ರಾಯರ ಬೃಂದಾವನದ ಜಿಲ್ಲೆಯೂ ಆಗ ಒಂದೇ. 1966ರ 'ಮಂತ್ರಾಲಯ ಮಹಾತ್ಮೆ'ಯಲ್ಲಿ ರಾಜ್‌ಕುಮಾರ್ ರಾಘವೇಂದ್ರ ಸ್ವಾಮಿಗಳಾದರೆ, ಸಂನ್ಯಾಸಕ್ಕೆ ಮುನ್ನಿನ ಅವರ ಮಡದಿ ಸರಸ್ವತಿಯಾದವರು ಜಯಂತಿ. ಹಿಂದಿನ ವರ್ಷ ಈಜುಡುಗೆಯ ಲೀಲಾವತಿ, ಮರುವರ್ಷ ರಾಯರ ಮಡದಿ! ಎರಡನ್ನೂ ಜನ ಒಪ್ಪಿಕೊಂಡರು ಎಂಬುದರಲ್ಲಿ ಅವರ ಅಭಿನಯದ ಶಕ್ತಿ ಕಾಣುತ್ತದೆ.

● ಹಂಪಿಯನ್ನು ಆಳಿದ ದೊರೆಯ ಕತೆಯಲ್ಲೂ ಅವರಿದ್ದಾರೆ. ಬಿ.ಆರ್. ಪಂತುಲು ಅವರ 'ಶ್ರೀ ಕೃಷ್ಣದೇವರಾಯ' (1970) ಚಿತ್ರದಲ್ಲಿ ರಾಜ್‌ಕುಮಾರ್, ಭಾರತಿ ಜೊತೆಗೆ ಜಯಂತಿ. ವಿಜಯನಗರ ಬೇರೆ ಜಿಲ್ಲೆಯಾದದ್ದು 2021ರಲ್ಲಿ. ಆ ಚಿತ್ರ ಬಂದಾಗ ಹಂಪಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.

● 'ಕಸ್ತೂರಿ ನಿವಾಸ' (1971) ಎಂದರೆ ಎಲ್ಲರೂ ರಾಜ್‌ಕುಮಾರ್ ನಟಿಸಿದ ಕೊಡುಗೈ ದೊರೆ ರವಿಯ ಮಾತೆತ್ತುತ್ತಾರೆ. ನೀಲಾಳ ಮಾತೆತ್ತುವವರು ಕಡಿಮೆ. ರವಿ ಮದುವೆಯಾಗಬೇಕೆಂದು ಬಯಸಿದ ನೀಲಾ ಒಲಿದಿರುವುದು ಇನ್ನೊಬ್ಬನಿಗೆ. ಆ ಪಾತ್ರ ಜಯಂತಿಯವರದು. ಕೊನೆಯಲ್ಲಿ, ಎಲ್ಲವನ್ನೂ ಕಳೆದುಕೊಂಡವನ ಮನೆಗೆ ನೀಲಾ ಬರುತ್ತಾಳೆ, ಅವನು ಸಾಕಿದ ಪಾರಿವಾಳವನ್ನು ತನ್ನ ಮಗುವಿಗಾಗಿ ಕೇಳುತ್ತಾಳೆ. ಅವಳಿಗೆ ಊಟ ಹಾಕಲೆಂದೇ ಆ ಪಾರಿವಾಳ ಅವನ ಕೈಬಿಟ್ಟು ಹೋಗಿರುತ್ತದೆ. ಕೇಳುವವಳಿಗೆ ಏನೂ ಗೊತ್ತಿಲ್ಲ. ನೋಡುವ ನಮಗೆ ಎಲ್ಲ ಗೊತ್ತು. ಜಯಂತಿ ಆ ಕೋರಿಕೆಯನ್ನು ಎಷ್ಟು ಸಹಜವಾಗಿ, ಹಗುರವಾಗಿ ಇಟ್ಟರೋ ಅಷ್ಟೇ ಭಾರವಾಗಿ ಅದು ರವಿಯ ಎದೆಗೆ ಬೀಳುತ್ತದೆ. ಎದುರಿನ ನಟನಿಗೆ ಜಾಗ ಬಿಟ್ಟುಕೊಡುವುದೂ ಅಭಿನಯವೇ. ಕಪ್ಪುಬಿಳುಪಿನ ಈ ಚಿತ್ರ 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ಬಿಡುಗಡೆಯಾದಾಗ, ಅದು ಬಂದಾಗ ಹುಟ್ಟೇ ಇರದಿದ್ದ ಪ್ರೇಕ್ಷಕರೂ ಚಿತ್ರಮಂದಿರಕ್ಕೆ ಬಂದರು.

● ತಮಿಳಿಗೆ ಬನ್ನಿ. ಕೆ. ಬಾಲಚಂದರ್ ಅವರ ಆರಂಭದ ಚಿತ್ರಗಳಲ್ಲಿ ಜಯಂತಿ ಮೇಲಿಂದ ಮೇಲೆ ಕಾಣುತ್ತಾರೆ. 1967ರ 'ಭಾಮಾ ವಿಜಯಂ', 1968ರ 'ಎದಿರ್ ನೀಚ್ಚಲ್', 1969ರ 'ಇರು ಕೋಡುಗಳ್'.

'ಭಾಮಾ ವಿಜಯಂ' ಮೂವರು ಸೊಸೆಯರ ಕತೆ. ಪಕ್ಕದ ಮನೆಗೆ ಸಿನಿಮಾ ತಾರೆಯೊಬ್ಬಳು ಬಂದದ್ದೇ ತಡ, ಅವಳ ಸರಿಸಮ ಕಾಣಬೇಕೆಂದು ಮೂವರೂ ಸಾಲ ಮಾಡಿ ಹೊಸ ಸಾಮಾನು ತರುತ್ತಾರೆ. ಸಾಹುಕಾರ್ ಜಾನಕಿ, ಕಾಂಚನಾ, ಜಯಂತಿ ಆ ಸೊಸೆಯರು. ಇದೇ ಕತೆ ಹಿಂದಿಯಲ್ಲಿ 'ತೀನ್ ಬಹೂರಾನಿಯಾಂ' (1968) ಆದಾಗಲೂ ಸೊಸೆಯರು ಇವರೇ. ಮನೆಯ ಹಿರಿಯನಾದವರು ಪೃಥ್ವಿರಾಜ್ ಕಪೂರ್!

● 'ಇರು ಕೋಡುಗಳ್' ಆ ಸಾಲಿನ ಅತ್ಯುತ್ತಮ ತಮಿಳು ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಜೆಮಿನಿ ಗಣೇಶನ್ ಒಬ್ಬ ಗುಮಾಸ್ತ. ಅವನ ಮೊದಲ ಹೆಂಡತಿ, ಸಾಹುಕಾರ್ ಜಾನಕಿ, ಅವನ ಕಚೇರಿಗೇ ಕಲೆಕ್ಟರ್ ಆಗಿ ಬರುತ್ತಾಳೆ. ಎರಡನೇ ಹೆಂಡತಿಯಾಗಿ ಜಯಂತಿ. ಕತೆ ನಿಮಗೆ ಎಲ್ಲೋ ಕೇಳಿದಂತಿದೆಯೇ? ಹೌದು, ಬಾಲಚಂದರ್ ಅವರೇ 1984ರಲ್ಲಿ ಇದನ್ನು ಕನ್ನಡಕ್ಕೆ ತಂದರು: 'ಎರಡು ರೇಖೆಗಳು'. ಶ್ರೀನಾಥ್, ಸರಿತಾ, ಗೀತಾ ಅದರಲ್ಲಿದ್ದರು.

● ಇನ್ನು 'ಎಡಕಲ್ಲು ಗುಡ್ಡದ ಮೇಲೆ'. ಜಯಂತಿಯವರ ಒಂದೇ ಒಂದು ಚಿತ್ರ ನೋಡುತ್ತೇನೆ ಎಂದು ಯಾರಾದರೂ ಹೇಳಿದರೆ ನಾನು ಹೆಸರಿಸುವುದು ಇದನ್ನೇ. 1973ರ ಈ ಚಿತ್ರ ಭಾರತೀಸುತರ ಕಾದಂಬರಿಯನ್ನು ಆಧರಿಸಿದ್ದು. ಪುಟ್ಟಣ್ಣ ಕಣಗಾಲ್ ನಿರ್ದೇಶನ, ಎಂ. ರಂಗರಾವ್ ಸಂಗೀತ. ಗುಡ್ಡದ ಮೇಲಿನ ಮನೆ. ಗಂಡನಿಂದ ದಾಂಪತ್ಯ ಸುಖ ಕಾಣದ ಮಾಧವಿ. ಅಲ್ಲಿಗೆ ಬರುವ ಯುವಕ ನಂಜುಂಡ. ಅವನಾಗಿ ನಟಿಸಿದ ಚಂದ್ರಶೇಖರ್ ಜೀವನಪೂರ್ತಿ 'ಎಡಕಲ್ಲು ಚಂದ್ರಶೇಖರ್' ಎಂದೇ ಉಳಿದರು.

ಮಾಧವಿಯನ್ನು ಜಾರಿದ ಹೆಣ್ಣು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಆಗಿನ ಕಾಲಕ್ಕೆ ಬಹಳ ಸುಲಭವಿತ್ತು. ಜಯಂತಿ ಹಾಗಾಗಲು ಬಿಡಲಿಲ್ಲ. ಎಸ್. ಜಾನಕಿ ಹಾಡಿದ ವಿರಹದ ಹಾಡನ್ನೇ ನೋಡಿ. ಹಾತೊರೆತ, ನಾಚಿಕೆ, ತನ್ನ ಮೇಲೇ ಸಿಟ್ಟು, ಎಲ್ಲವೂ ಆ ಕಣ್ಣುಗಳಲ್ಲಿ ಒಂದಾದ ಮೇಲೊಂದು ಬಂದು ಹೋಗುತ್ತವೆ. ದೇಹಕ್ಕೂ ಹಸಿವಿದೆ ಎಂದು ಒಂದು ಮಾತೂ ಆಡದೆ ಹೇಳುವ ಅಭಿನಯ. ಗೃಹಿಣಿಯರು ಗುಂಪುಗುಂಪಾಗಿ ಚಿತ್ರಮಂದಿರಕ್ಕೆ ಬರುತ್ತಿದ್ದ ಕಾಲದಲ್ಲಿ ತಾರಾ ನಾಯಕಿಯೊಬ್ಬರು ಈ ಪಾತ್ರಕ್ಕೆ ಒಪ್ಪಿದರು ಎಂಬುದೇ ದೊಡ್ಡ ಮಾತು. ಮಾಧವಿ ಅವರಿಗೆ 1973–74ನೇ ಸಾಲಿನ ಅತ್ಯುತ್ತಮ ನಟಿ ರಾಜ್ಯಪ್ರಶಸ್ತಿ ತಂದುಕೊಟ್ಟಳು.

● ಇಲ್ಲಿ ಬಳ್ಳಾರಿಗೇ ಸೇರಿದ ಒಂದು ಪುಟ್ಟ ಸಂಗತಿ ಇದೆ, ಬಿಡಲು ಮನಸ್ಸಿಲ್ಲ. ಎಡಕಲ್ಲು ಗುಹೆ ಇರುವುದು ಕೇರಳದ ವಯನಾಡಿನಲ್ಲಿ. ಒಳಗೆ ಇತಿಹಾಸಪೂರ್ವ ಕಾಲದ ಕೊರೆದ ಚಿತ್ರಗಳಿವೆ. ಅದನ್ನು ಹೊರಜಗತ್ತಿಗೆ ಪರಿಚಯಿಸಿದವರು ಬ್ರಿಟಿಷ್ ಪೊಲೀಸ್ ಅಧಿಕಾರಿ ಎಫ್. ಫಾಸೆಟ್. ಅದೇ ಫಾಸೆಟ್ 1892ರಲ್ಲಿ ಬಳ್ಳಾರಿ ಪಕ್ಕದ ಬಂಡೆಚಿತ್ರಗಳ ಬಗ್ಗೆಯೂ ಪ್ರಬಂಧ ಬರೆದಿದ್ದರು. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಆ ಕಲ್ಲುಗೆರೆಗಳು ಇಂದಿಗೂ ಅಲ್ಲಿವೆ. ತಟ್ಟಿದರೆ ಗಂಟೆಯಂತೆ ದನಿಗೊಡುವ ಬಂಡೆಗಳೂ ಇವೆ.

● ಅತ್ಯುತ್ತಮ ನಟಿ ರಾಜ್ಯಪ್ರಶಸ್ತಿ ಅವ‌ರಿಗೆ ಬಂದದ್ದು ನಾಲ್ಕು ಸಲ. ಎಡಕಲ್ಲು ಮೊದಲನೆಯದು. ಆಮೇಲೆ 'ಮನಸ್ಸಿನಂತೆ ಮಾಂಗಲ್ಯ' (1976–77), 'ಧರ್ಮ ದಾರಿ ತಪ್ಪಿತು' (1981–82), 'ಮಸಣದ ಹೂವು' (1985–86). ಪೋಷಕ ನಟಿ ಪ್ರಶಸ್ತಿ ಎರಡು ಸಲ: 'ಆನಂದ್', 'ತುವ್ವಿ ತುವ್ವಿ ತುವ್ವಿ'. ಮೊದಲ ರಾಜ್ಯಪ್ರಶಸ್ತಿಗೂ 1998–99ರ ಕೊನೆಯದಕ್ಕೂ ನಡುವೆ ಕಾಲು ಶತಮಾನ! ಸರ್ಕಾರ ಕೊಡುವ ಡಾ. ರಾಜ್‌ಕುಮಾರ್ ಪ್ರಶಸ್ತಿಯೂ ಸಂದಿತು.

● 'ಮಸಣದ ಹೂವು' ಪುಟ್ಟಣ್ಣನವರ ಕೊನೆಯ ಚಿತ್ರ. ಮುಗಿಯುವ ಮೊದಲೇ, 1985ರ ಜೂನ್ 5ರಂದು, ಅವರು ತೀರಿಕೊಂಡರು. ಗೆಳೆಯ ಕೆ.ಎಸ್.ಎಲ್. ಸ್ವಾಮಿ ಉಳಿದದ್ದನ್ನು ಪೂರ್ತಿ ಮಾಡಿದರು. ಮೂಲ ಕಾದಂಬರಿ ಬರೆದ ತ.ರಾ.ಸು. ಹಿಂದಿನ ವರ್ಷವೇ ಹೋಗಿದ್ದರು. ಬರೆದವರೂ ನಿರ್ದೇಶಿಸಿದವರೂ ತೆರೆಯ ಮೇಲೆ ನೋಡದೇ ಹೋದ ಚಿತ್ರವಿದು. ವೇಶ್ಯಾಗೃಹದ ಒಡತಿಯಾಗಿ ಜಯಂತಿ ನಟಿಸಿದರು. ನಾಯಕಿಯಾಗಿ ಮೆರೆದ ನಟಿಯರು ನಲವತ್ತರ ಹೊತ್ತಿಗೆ ತ್ಯಾಗಮಯಿ ತಾಯಿಯ ಪಾತ್ರಗಳಲ್ಲಿ ನೆಲೆಸುವುದು ವಾಡಿಕೆ. ಜಯಂತಿ ಆ ವಯಸ್ಸಿನಲ್ಲಿ ಒಪ್ಪಿಕೊಂಡದ್ದು ಎಲೆಯಡಿಕೆ ಜಗಿಯುತ್ತಾ ಹೆಣ್ಣುಗಳ ಬದುಕನ್ನು ವ್ಯಾಪಾರ ಮಾಡುವ ಹೆಂಗಸಿನ ಪಾತ್ರ. ಪ್ರೇಕ್ಷಕರ ಅಕ್ಕರೆ ಕಳೆದುಕೊಳ್ಳುವ ಅಪಾಯವಿತ್ತು. ಪ್ರಶಸ್ತಿ ಬಂತು.

● ಅದೇ ಚಿತ್ರದಲ್ಲಿ ಮೊದಲ ಬಾರಿಗೆ ಬಣ್ಣ ಹಚ್ಚಿದ ಹುಡುಗಿ ಯಾರು ಬಲ್ಲಿರಾ? ಮುಂದೆ ದೂರದರ್ಶನದ ನಿರೂಪಕಿಯಾಗಿ, ನಮ್ಮ ಮೆಟ್ರೋದ ಕನ್ನಡ ದನಿಯಾಗಿ ನಾಡಿಗೇ ಪರಿಚಿತರಾದ ಅಪರ್ಣಾ. 2024ರಲ್ಲಿ ಅವರೂ ಅಗಲಿದರು.

● ರಾಜ್‌ಕುಮಾರ್ ಅವರ ನಾಯಕಿ ಶಿವರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರದಲ್ಲಿ ತಾಯಿ! 1986ರ 'ಆನಂದ್', ನಿರ್ದೇಶನ ಸಿಂಗೀತಂ ಶ್ರೀನಿವಾಸರಾವ್.

● ನಟಿಯರ ಸಾಲಿನಲ್ಲಿ ಬಳ್ಳಾರಿ ಒಂದೇ ಹೆಸರಿಗೆ ನಿಲ್ಲುವುದಿಲ್ಲ. ಸುಭದ್ರಮ್ಮ ಮನ್ಸೂರು ವೃತ್ತಿ ರಂಗಭೂಮಿಯ ದೊಡ್ಡ ನಟಿ, ಅಷ್ಟೇ ದೊಡ್ಡ ಗಾಯಕಿ. ಗುಬ್ಬಿ ವೀರಣ್ಣ ಪ್ರಶಸ್ತಿ ಪಡೆದವರು. ಕುರುಗೋಡು, ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ನಾಟಕ ಕಟ್ಟುವ ಹಿರಿಯರು ಇವತ್ತಿಗೂ ಅವರ ಕಂದಪದ್ಯ, ರಂಗಗೀತೆಗಳ ಮಾತು ಬಂದರೆ ಕೂತಲ್ಲೇ ಒಂದು ಸೊಲ್ಲು ಹಾಡುತ್ತಾರೆ. 2020ರ ಜುಲೈನಲ್ಲಿ ಸುಭದ್ರಮ್ಮ ಹೋದರು, 2021ರ ಜುಲೈನಲ್ಲಿ ಜಯಂತಿ. ಒಂದೇ ವರ್ಷದ ಅಂತರದಲ್ಲಿ ಬಳ್ಳಾರಿ ಇಬ್ಬರನ್ನು ಕಳೆದುಕೊಂಡಿತು.

● ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ ಎಲ್ಲ ಸೇರಿ ಜಯಂತಿಯವರ ಚಿತ್ರಗಳು ಐನೂರು ಎಂದು ಹೇಳುವುದು ರೂಢಿ. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ಇನ್ನೊಂದು, ನೆರೆಯವರ ಜೊತೆ ಮತ್ತೊಂದು ಆಡುವ ಬಳ್ಳಾರಿಯವರಿಗೆ ಇಷ್ಟು ಭಾಷೆಗಳಲ್ಲಿ ದುಡಿಯುವುದು ಅಚ್ಚರಿಯ ಮಾತೇನಲ್ಲ. ಆದರೂ ಪ್ರತಿ ಭಾಷೆಯಲ್ಲಿ ಅಲ್ಲಿಯವರೇ ಎನ್ನಿಸುವಂತೆ ನಟಿಸುವುದು ಬೇರೆಯೇ ಸಾಧನೆ.

● ದಶಕಗಳ ಕಾಲ ಅಸ್ತಮಾ ಜೊತೆಗೇ ಬದುಕಿದವರು ಅವರು. 2018ರಲ್ಲಿ ಆಸ್ಪತ್ರೆ ಸೇರಿದಾಗ ತೀರಿಕೊಂಡರೆಂಬ ಸುಳ್ಳುಸುದ್ದಿ ನಾಡೆಲ್ಲ ಹಬ್ಬಿತ್ತು. ಅವರು ಗುಣವಾಗಿ ಮನೆಗೆ ಮರಳಿದರು. 2021ರ ಜುಲೈ 26ರಂದು ಬೆಂಗಳೂರಿನಲ್ಲಿ ನಿಧನರಾದಾಗ ವಯಸ್ಸು 76.

● ಕೊನೆಯದಾಗಿ, ಬಹಳ ಮಂದಿಗೆ ಗೊತ್ತಿಲ್ಲದ್ದು. ಪುಟ್ಟಣ್ಣ ಕಣಗಾಲ್ 1960ರ ದಶಕದಲ್ಲೇ ಕಲ್ಯಾಣ್‌ಕುಮಾರ್, ಜಯಂತಿ ಅವರನ್ನು ಹಾಕಿಕೊಂಡು 'ಸಾವಿರ ಮೆಟ್ಟಿಲು' ಎಂಬ ಚಿತ್ರ ಶುರು ಮಾಡಿದ್ದರು. ಅದು ಅರ್ಧಕ್ಕೆ ನಿಂತಿತು. ರೀಲುಗಳು ಹಾಗೇ ಉಳಿದವು. 'ಮಸಣದ ಹೂವು' ಮುಗಿಸಿಕೊಟ್ಟ ಕೆ.ಎಸ್.ಎಲ್. ಸ್ವಾಮಿಯವರೇ ಇದನ್ನೂ ಕೈಗೆತ್ತಿಕೊಂಡು ಪೂರ್ತಿಮಾಡಿದರು. ಚಿತ್ರ ಬಿಡುಗಡೆಯಾದದ್ದು 2006ರಲ್ಲಿ! ಅಷ್ಟು ಹೊತ್ತಿಗೆ ಪುಟ್ಟಣ್ಣ ಹೋಗಿ ಎರಡು ದಶಕ ದಾಟಿತ್ತು, ನಾಯಕ ಕಲ್ಯಾಣ್‌ಕುಮಾರ್ ಕೂಡ ಇರಲಿಲ್ಲ. ನಾಯಕಿಗೆ ಆಗ 61 ವರ್ಷ. ತೆರೆಯ ಮೇಲೆ ಇಪ್ಪತ್ತರ ಆಸುಪಾಸಿನ ಹುಡುಗಿ.